ಅಮಾನತು ಒಪ್ಪಿಸಿ ಹೊರಟ ಮೇಷ್ಟ್ರು: ಡಾ. ಝಾಕಿರ್ ಹುಸೈನ್

ಒಂದು ಶಾಲೆಯನ್ನು ಕಟ್ಟುವುದು ಕಷ್ಟದ ಕೆಲಸ. ಕಟ್ಟಿದ ಶಾಲೆಯನ್ನು ನಡೆಸಿಕೊಂಡು ಹೋಗುವುದು ಅದಕ್ಕಿಂತಲೂ ಕಷ್ಟ. ಆದರೆ ಇವೆರಡಕ್ಕಿಂತ ಕಷ್ಟದ ಮೂರನೆಯ ಕೆಲಸವೊಂದಿದೆ. ಜೀವಮಾನವಿಡೀ ದುಡಿದು ಬೆಳೆಸಿದ ಸಂಸ್ಥೆಯನ್ನು ಸಕಾಲದಲ್ಲಿ ಇನ್ನೊಬ್ಬರ ಕೈಗೆ ಒಪ್ಪಿಸಿ, ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳದೆ ಹೊರಟುಬಿಡುವುದು. ಶಿಕ್ಷಣ ಕ್ಷೇತ್ರದಲ್ಲಿ ದುಡಿದವರೆಲ್ಲರೂ ಒಂದಲ್ಲ ಒಂದು ದಿನ ಈ ನಿರ್ಧಾರದ ಎದುರು ನಿಲ್ಲಬೇಕಾಗುತ್ತದೆ. ಕೆಲವರಿಗೆ ಅದು ಸರಕಾರದ ಆದೇಶದ ರೂಪದಲ್ಲಿ ಬರುತ್ತದೆ. ಕೆಲವರು ತಾವಾಗಿಯೇ ಆ ದಿನವನ್ನು ಗುರುತಿಸಿಕೊಳ್ಳುತ್ತಾರೆ. ಇನ್ನು ಕೆಲವರು ಕೊನೆಯ ಉಸಿರಿನವರೆಗೂ ಕುರ್ಚಿ ಬಿಡುವುದಿಲ್ಲ.

ಭಾರತದ ಮೂರನೆಯ ರಾಷ್ಟ್ರಪತಿಯಾಗಿದ್ದ ಮರ್‌ಹೂಂ ಡಾ. ಝಾಕಿರ್ ಹುಸೈನ್ ಅವರನ್ನು ನಾವು ಸಾಮಾನ್ಯವಾಗಿ ನೆನಪಿಸಿಕೊಳ್ಳುವುದು ಅವರು ಏರಿದ ಹುದ್ದೆಗಳಿಗಾಗಿ. ಅವರು ಬಿಟ್ಟುಬಂದ ಹುದ್ದೆಗಳ ಬಗ್ಗೆ ಮಾತನಾಡುವವರು ಕಡಿಮೆ. 1948ರಲ್ಲಿ ಅವರು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಹೊಣೆಯನ್ನು ಗೆಳೆಯನಿಗೆ ಒಪ್ಪಿಸಿ ಹೊರಟರು. 1956ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿ ಸ್ಥಾನದಿಂದ ಇಳಿದರು. ಈ ಎರಡು ನಿರ್ಗಮನಗಳನ್ನು ಅರಿತುಕೊಂಡರೆ ಅವರು ಎಂತಹ ಶಿಕ್ಷಕರಾಗಿದ್ದರು ಎಂಬುದು ತಿಳಿಯುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಝಾಕಿರ್ ಹುಸೈನ್ ಜನಿಸಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ಅವರ ಪೂರ್ವಜರು ಉತ್ತರ ಪ್ರದೇಶದ ಫರೂಕಾಬಾದ್ ಜಿಲ್ಲೆಯ ಕಾಯಂಗಂಜ್‌ನಲ್ಲಿ ನೆಲೆಸಿದ್ದ ಅಫ್ರಿದಿ ಪಠಾಣರು. ತಂದೆ ಫಿದಾ ಹುಸೈನ್ ಖಾನ್ ವಕೀಲಿ ವೃತ್ತಿಗಾಗಿ ಹೈದರಾಬಾದಿಗೆ ಬಂದು ಹೆಸರು ಮಾಡಿದ್ದರು. ಆದರೆ ಝಾಕಿರ್‌ಗೆ ಹತ್ತು ವರ್ಷವಾಗಿದ್ದಾಗ, 1907ರಲ್ಲಿ, ತಂದೆ ತೀರಿಕೊಂಡರು. ಕುಟುಂಬ ಕಾಯಂಗಂಜ್‌ಗೆ ಮರಳಿತು. 1911ರಲ್ಲಿ ಪ್ಲೇಗ್ ಮಾರಿ ತಾಯಿಯನ್ನೂ ಕೊಂಡೊಯ್ದಿತು. ಹದಿನಾಲ್ಕನೆಯ ವಯಸ್ಸಿಗೇ ಆ ಹುಡುಗ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡಿದ್ದ.

ಇಂತಹ ಮಕ್ಕಳಿಗೆ ಶಾಲೆಯೇ ಮನೆಯಾಗುತ್ತದೆ. ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನ ವಸತಿ ವಿದ್ಯಾರ್ಥಿಯಾಗಿ ಅವರು ಶಿಸ್ತು, ಸರಳತೆ ಮತ್ತು ಮಾತಿನ ಕಲೆಯನ್ನು ಕಲಿತರು. ಮುಂದೆ ಸರ್ ಸೈಯದ್ ಅಹ್ಮದ್ ಖಾನರು ಸ್ಥಾಪಿಸಿದ ಅಲಿಗಢದ ಎಂ.ಎ.ಓ. ಕಾಲೇಜಿಗೆ ಸೇರಿದರು. ವೈದ್ಯನಾಗಬೇಕೆಂಬ ಆಸೆಯಿಂದ ವಿಜ್ಞಾನ ಓದಲು ಹೊರಟವರು, ಅನಾರೋಗ್ಯದಿಂದಾಗಿ ಅದನ್ನು ಕೈಬಿಟ್ಟು ಅರ್ಥಶಾಸ್ತ್ರದತ್ತ ಹೊರಳಿದರು. 1918ರಲ್ಲಿ ಬಿ.ಎ. ಪದವಿ ಪಡೆದರು. 1920ರ ಹೊತ್ತಿಗೆ ಎಂ.ಎ. ಓದುತ್ತಲೇ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಮುಂದಿನ ದಾರಿ ಸುಗಮವಾಗಿತ್ತು. ಸರಕಾರಿ ಹುದ್ದೆ, ಗೌರವ, ವರಮಾನ ಎಲ್ಲವೂ ಕೈಗೆಟಕುವ ದೂರದಲ್ಲಿದ್ದವು.

ಅಸಹಕಾರದ ಕರೆ ಮತ್ತು ಜಾಮಿಯಾ

1920ರ ಅಕ್ಟೋಬರ್ ತಿಂಗಳಲ್ಲಿ ಗಾಂಧೀಜಿ ಮತ್ತು ಅಲಿ ಸಹೋದರರು ಅಲಿಗಢಕ್ಕೆ ಬಂದರು. ಬ್ರಿಟಿಷ್ ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳನ್ನು ತೊರೆಯಿರಿ ಎಂಬುದು ಅವರ ಕರೆಯಾಗಿತ್ತು. ಹೊರಬಂದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದಾಳುಗಳಲ್ಲಿ 23 ವರ್ಷದ ಝಾಕಿರ್ ಹುಸೈನ್ ಒಬ್ಬರು. ಆದರೆ ಅವರು ಬರೀ ಬಹಿಷ್ಕಾರದಿಂದ ತೃಪ್ತರಾಗಲಿಲ್ಲ. ತೊರೆದು ಬಂದವರಿಗೆ ಕಲಿಯಲು ಇನ್ನೊಂದು ಜಾಗ ಬೇಕಲ್ಲವೇ? ಹಕೀಂ ಅಜ್ಮಲ್ ಖಾನ್, ಮೌಲಾನಾ ಮುಹಮ್ಮದ್ ಅಲಿ ಮೊದಲಾದ ಹಿರಿಯರ ಬೆಂಬಲದೊಂದಿಗೆ 1920ರ ಅಕ್ಟೋಬರ್ 29ರಂದು ಅಲಿಗಢದಲ್ಲಿಯೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪನೆಯಾಯಿತು. ದೇವಬಂದ್‌ನ ಹಿರಿಯ ವಿದ್ವಾಂಸ ಮೌಲಾನಾ ಮಹಮೂದುಲ್ ಹಸನ್ ಅದಕ್ಕೆ ಚಾಲನೆ ನೀಡಿದರು.

1922ರಲ್ಲಿ ಝಾಕಿರ್ ಹುಸೈನ್ ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಭಾರತದಲ್ಲಿ ಬ್ರಿಟಿಷರ ಕೃಷಿ ನೀತಿ ಅವರ ಪ್ರಬಂಧದ ವಿಷಯವಾಗಿತ್ತು. ಅಲ್ಲಿಯೇ ಅವರಿಗೆ ಮುಹಮ್ಮದ್ ಮುಜೀಬ್ ಮತ್ತು ಆಬಿದ್ ಹುಸೈನ್ ಎಂಬ ಇಬ್ಬರು ಜೀವದ ಗೆಳೆಯರು ದೊರೆತರು.

ಅತ್ತ ಭಾರತದಲ್ಲಿ ಅಸಹಕಾರ ಚಳವಳಿ ನಿಂತಿತ್ತು. 1924ರಲ್ಲಿ ತುರ್ಕಿಯಲ್ಲಿ ಖಿಲಾಫತ್ ರದ್ದಾದ ಬಳಿಕ ಜಾಮಿಯಾಕ್ಕೆ ಬರುತ್ತಿದ್ದ ಹಣವೂ ಬತ್ತಿತು. ಸಂಸ್ಥೆಯನ್ನು ಮುಚ್ಚಿಬಿಡುವ ಮಾತು ಕೇಳಿಬಂತು. ತಾವು ಮತ್ತು ತಮ್ಮ ಗೆಳೆಯರು ಜಾಮಿಯಾಕ್ಕಾಗಿ ಬದುಕನ್ನೇ ಮುಡಿಪಾಗಿಡಲು ಸಿದ್ಧರಿದ್ದೇವೆ, ತಾವು ಮರಳುವವರೆಗೆ ಅದನ್ನು ಮುಚ್ಚಬಾರದು ಎಂದು ಝಾಕಿರ್ ಹುಸೈನ್ ಬರ್ಲಿನ್‌ನಿಂದಲೇ ಹಿರಿಯರಿಗೆ ತಿಳಿಸಿದರು. 1925ರಲ್ಲಿ ಜಾಮಿಯಾ ದಿಲ್ಲಿಯ ಕರೋಲ್ ಬಾಗ್‌ಗೆ ಸ್ಥಳಾಂತರಗೊಂಡಿತು. 1926ರಲ್ಲಿ ಮೂವರೂ ಗೆಳೆಯರು ಒಟ್ಟಿಗೆ ಮರಳಿದರು. 29 ವರ್ಷದ ಝಾಕಿರ್ ಹುಸೈನ್ ಜಾಮಿಯಾದ ಕುಲಪತಿಯಾದರು.

ಇಪ್ಪತ್ತು ವರ್ಷಗಳ ಪ್ರತಿಜ್ಞೆ

1927ರ ಕೊನೆಯಲ್ಲಿ ಜಾಮಿಯಾದ ಆಧಾರಸ್ತಂಭವಾಗಿದ್ದ ಹಕೀಂ ಅಜ್ಮಲ್ ಖಾನ್ ತೀರಿಕೊಂಡರು. ಸಂಬಳ ಕೊಡಲು ಹಣವಿಲ್ಲ, ಸಾಲ ಬೆಳೆದಿದೆ, ಸ್ವಂತ ಕಟ್ಟಡವಿಲ್ಲ. ಇಂತಹ ಸ್ಥಿತಿಯಲ್ಲಿ 1928ರಲ್ಲಿ ಝಾಕಿರ್ ಹುಸೈನ್ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರತಿಜ್ಞೆ ಕೈಗೊಂಡರು. ಕನಿಷ್ಠ 20 ವರ್ಷ ಜಾಮಿಯಾದ ಸೇವೆ ಮಾಡುತ್ತೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವುದಿಲ್ಲ ಎಂಬುದೇ ಆ ಪ್ರತಿಜ್ಞೆ. ಬರ್ಲಿನ್, ಆಕ್ಸ್‌ಫರ್ಡ್‌ಗಳಲ್ಲಿ ಓದಿಬಂದವರಿಗೆ ಆ ಕಾಲದಲ್ಲಿ ಇದರ ಎಷ್ಟೋ ಪಟ್ಟು ಸಂಬಳ ಕೊಡುವ ಹುದ್ದೆಗಳು ಕಾಯುತ್ತಿದ್ದವು. 150 ರೂಪಾಯಿ ಎಂಬುದು ಗರಿಷ್ಠ ಮಿತಿ ಮಾತ್ರ. ವಾಸ್ತವದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಹಣಕ್ಕೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅದೂ ಇಲ್ಲದೆ ಅವರು ದುಡಿದರು. ಮನೆಯ ಕಷ್ಟವನ್ನು ಅವರ ಪತ್ನಿ ಶಾಹಜಹಾನ್ ಬೇಗಂ ಮೌನವಾಗಿ ಹೊತ್ತರು.

ವಿದ್ಯಾರ್ಥಿ ಮಿತ್ರರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಈ ಪ್ರತಿಜ್ಞೆಗೆ ಒಂದು ಅವಧಿಯಿತ್ತು. ಸಾಯುವವರೆಗೆ ಈ ಕುರ್ಚಿ ನಮ್ಮದೇ ಎಂದು ಅವರು ಹೇಳಿಕೊಳ್ಳಲಿಲ್ಲ. ಇಷ್ಟು ವರ್ಷ ಈ ಅಮಾನತನ್ನು ಕಾಯುತ್ತೇವೆ ಎಂದರು. ಸೇವೆಯ ಆರಂಭದಲ್ಲಿಯೇ ಸೇವೆಗೊಂದು ಕೊನೆಯಿದೆ ಎಂಬ ಅರಿವು ಅವರಲ್ಲಿತ್ತು.

ಮಕ್ಕಳ ನಡುವೆ

ಝಾಕಿರ್ ಸಾಹೇಬರು ಕುಲಪತಿಯಾಗಿದ್ದರೂ ಪ್ರಾಥಮಿಕ ಶಾಲೆಯ ಮಕ್ಕಳನ್ನು ಮರೆಯಲಿಲ್ಲ. ವಿದ್ಯಾರ್ಥಿಗಳು ಕೊಳಕು ಶೂ ಧರಿಸಿ ಬರುತ್ತಿದ್ದುದನ್ನು ಕಂಡು, ಒಂದು ದಿನ ಬ್ರಶ್ ಮತ್ತು ಪಾಲಿಶ್ ಹಿಡಿದು ಗೇಟಿನ ಬಳಿ ತಾವೇ ಕುಳಿತುಬಿಟ್ಟರಂತೆ. ನಾಚಿದ ಹುಡುಗರು ಮರುದಿನದಿಂದ ಶೂ ಒರೆಸಿಕೊಂಡು ಬಂದರಂತೆ. ಮತ್ತೊಂದು ಘಟನೆ ಹೃದಯ ಕಲಕುವಂತಹದು. ಮಕ್ಕಳಿಗೆ ಸಿಹಿ ಹಂಚುತ್ತಿದ್ದಾಗ, ಕಾಯಿಲೆಯಲ್ಲಿದ್ದ ಅವರ ಪುಟ್ಟ ಮಗಳು ತೀರಿಕೊಂಡ ಸುದ್ದಿಯನ್ನು ಯಾರೋ ಬಂದು ಕಿವಿಯಲ್ಲಿ ಹೇಳಿದರು. ಅವರ ಮುಖ ಬಿಳಿಚಿಕೊಂಡಿತು. ಆದರೆ ಕೈ ನಿಲ್ಲಲಿಲ್ಲ. ಮಕ್ಕಳ ಸಂತೋಷ ಕೆಡಬಾರದೆಂದು ಸಿಹಿ ಹಂಚಿ ಮುಗಿಸಿದ ಮೇಲೆಯೇ ಮನೆಗೆ ಹೋದರು ಎಂದು ಅವರ ಸಹೋದ್ಯೋಗಿಗಳು ನೆನೆಯುತ್ತಿದ್ದರು. ಮುಂದೆ ಮಕ್ಕಳಿಗಾಗಿ ಉರ್ದುವಿನಲ್ಲಿ ಕಥೆ ಬರೆದಾಗ ಅವರು ಬಳಸಿದ್ದು ರುಕಯ್ಯಾ ರೆಹಾನಾ ಎಂಬ ಹೆಸರನ್ನು. ಅದು ಆ ಮಗಳ ನೆನಪು.

1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಜಾಮಿಯಾದ ಹೊಸ ಆವರಣಕ್ಕೆ ಶಂಕುಸ್ಥಾಪನೆಯಾಯಿತು. ದೊಡ್ಡ ದೊಡ್ಡ ನಾಯಕರ ಪರಿಚಯವಿದ್ದರೂ ಅಡಿಗಲ್ಲು ಇಡಿಸಿದ್ದು ಜಾಮಿಯಾದ ಅತಿ ಕಿರಿಯ ವಿದ್ಯಾರ್ಥಿಯ ಕೈಯಿಂದ. ಬರ್ಲಿನ್‌ನಲ್ಲಿ ಪರಿಚಯವಾಗಿದ್ದ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಜರ್ಮನ್ ಯಹೂದಿ ಮಹಿಳೆ ಜಾಮಿಯಾಕ್ಕೆ ಬಂದು ಪುಟ್ಟ ಮಕ್ಕಳ ಸೇವೆಯಲ್ಲಿ ತೊಡಗಿದರು. ಮಕ್ಕಳು ಅವರನ್ನು ಆಪಾಜಾನ್ ಎಂದು ಕರೆಯುತ್ತಿದ್ದರು. 1943ರಲ್ಲಿ ತೀರಿಕೊಂಡ ಅವರನ್ನು ಅಲ್ಲಿಯೇ ದಫನ ಮಾಡಲಾಯಿತು.

1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕ ಕಲಿಕೆಯ ಯೋಜನೆಯನ್ನು ಮುಂದಿಟ್ಟರು. ಅದಕ್ಕೆ ಪಠ್ಯಕ್ರಮ ರೂಪಿಸುವ ಸಮಿತಿಯ ಅಧ್ಯಕ್ಷತೆ ಝಾಕಿರ್ ಹುಸೈನ್ ಅವರ ಪಾಲಿಗೆ ಬಂತು. ಇದೇ ಮುಂದೆ ಮೂಲಶಿಕ್ಷಣ ಅಥವಾ ನಯೀ ತಾಲೀಮ್ ಎಂದು ದೇಶದಾದ್ಯಂತ ಹೆಸರಾಯಿತು.

ಮೊದಲ ನಿರ್ಗಮನ: 1948

1946ರ ನವೆಂಬರ್‌ನಲ್ಲಿ ಜಾಮಿಯಾದ ಬೆಳ್ಳಿಹಬ್ಬ ನಡೆಯಿತು. ದೇಶ ಕೋಮುಗಲಭೆಗಳಿಂದ ಹೊತ್ತಿ ಉರಿಯುತ್ತಿದ್ದ ಸಮಯವದು. ಆದರೂ ನೆಹರೂ, ಜಿನ್ನಾ, ಮೌಲಾನಾ ಆಝಾದ್, ಲಿಯಾಖತ್ ಅಲಿ ಖಾನ್ ಮತ್ತು ರಾಜಾಜಿ ಒಂದೇ ವೇದಿಕೆಯಲ್ಲಿ ಕುಳಿತಿದ್ದರು. ಅವರನ್ನು ಒಟ್ಟು ಸೇರಿಸಿದ್ದು ಒಬ್ಬ ಶಿಕ್ಷಕನ ಮೇಲಿನ ಗೌರವ. ಈ ದ್ವೇಷದ ಬೆಂಕಿಯನ್ನು ಆರಿಸಿ, ಇಲ್ಲದಿದ್ದರೆ ನಾವು ಬೆಳೆಸುತ್ತಿರುವ ಮಕ್ಕಳು ಬದುಕಲು ಲೋಕವೇ ಉಳಿಯದು ಎಂಬರ್ಥದಲ್ಲಿ ಝಾಕಿರ್ ಹುಸೈನ್ ಅವರೆದುರು ಅಂಗಲಾಚಿದರು.

ಬೆಂಕಿ ಆರಲಿಲ್ಲ. 1947ರ ಆಗಸ್ಟ್‌ನಲ್ಲಿ ಕಾಶ್ಮೀರಕ್ಕೆ ಹೊರಟಿದ್ದ ಅವರನ್ನು ಜಲಂಧರ್ ನಿಲ್ದಾಣದಲ್ಲಿ ಗಲಭೆಕೋರರು ಸುತ್ತುವರಿದರು. ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ಅಧಿಕಾರಿ ಅವರ ಪ್ರಾಣ ಉಳಿಸಿದರು. ದಿಲ್ಲಿಯ ಗಲಭೆಯಲ್ಲಿ ಕರೋಲ್ ಬಾಗ್‌ನಲ್ಲಿದ್ದ ಜಾಮಿಯಾದ ಆಸ್ತಿ ನಾಶವಾಯಿತು. ಅವರ ಸ್ವಂತ ತಮ್ಮ ಮಹಮೂದ್ ಹುಸೈನ್ ಪಾಕಿಸ್ತಾನದಲ್ಲಿ ನೆಲೆಸಿ ಅಲ್ಲಿ ಸಚಿವರೂ ಶಿಕ್ಷಣ ತಜ್ಞರೂ ಆದರು. ಝಾಕಿರ್ ಹುಸೈನ್ ಇಲ್ಲಿಯೇ ಉಳಿದರು.

ಪ್ರತಿಜ್ಞೆಯ 20 ವರ್ಷಗಳು 1948ಕ್ಕೆ ಪೂರ್ಣಗೊಂಡವು. ಅದೇ ಹೊತ್ತಿಗೆ ಅಲಿಗಢದಿಂದ ಕರೆ ಬಂತು. ದೇಶ ವಿಭಜನೆಯ ಬಳಿಕ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಭವಿಷ್ಯವೇ ಪ್ರಶ್ನೆಯಾಗಿತ್ತು. ಅನೇಕ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಪಾಕಿಸ್ತಾನಕ್ಕೆ ಹೋಗಿದ್ದರು. ಉಳಿದವರ ಮೇಲೆ ಸಂಶಯದ ಕಣ್ಣಿತ್ತು. ಶಿಕ್ಷಣ ಸಚಿವ ಮೌಲಾನಾ ಆಝಾದರು ಈ ಕೆಲಸಕ್ಕೆ ಝಾಕಿರ್ ಹುಸೈನ್ ಅವರೇ ಬೇಕೆಂದು ಬಯಸಿದರು.

ಜಾಮಿಯಾದ ಒಂದೊಂದು ಇಟ್ಟಿಗೆಯೂ ಅವರಿಗೆ ಗೊತ್ತಿತ್ತು. ಅದನ್ನು ಬಿಡುವುದು ಸುಲಭವಾಗಿರಲಾರದು. ಆದರೆ ಬಿಟ್ಟುಹೋಗಲು ಸಾಧ್ಯವಾದದ್ದು ಒಂದು ಕಾರಣದಿಂದ. ತಾವಿಲ್ಲದಿದ್ದರೆ ನಡೆಯದು ಎಂಬಂತಹ ಸಂಸ್ಥೆಯನ್ನು ಅವರು ಕಟ್ಟಿರಲಿಲ್ಲ. 22 ವರ್ಷ ಜೊತೆಗೆ ದುಡಿದ ಮುಹಮ್ಮದ್ ಮುಜೀಬ್ ಅವರಿಗೆ ಜಾಮಿಯಾದ ಕಷ್ಟಸುಖಗಳೆಲ್ಲ ತಿಳಿದಿದ್ದವು. ಮುಜೀಬ್ 1948ರಿಂದ 1973ರವರೆಗೆ, ಅಂದರೆ ಝಾಕಿರ್ ಹುಸೈನ್‌ಗಿಂತಲೂ ಹೆಚ್ಚು ಕಾಲ, ಜಾಮಿಯಾವನ್ನು ಮುನ್ನಡೆಸಿದರು. ಅವರ ಕಾಲದಲ್ಲಿಯೇ, 1962ರಲ್ಲಿ, ಅದಕ್ಕೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆ ದೊರೆಯಿತು. 1988ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಅದು ಕೇಂದ್ರೀಯ ವಿಶ್ವವಿದ್ಯಾಲಯವಾಯಿತು.

ಎರಡನೆಯ ನಿರ್ಗಮನ: 1956

28 ವರ್ಷಗಳ ಹಿಂದೆ ಬಂಡಾಯಗಾರನಾಗಿ ತೊರೆದಿದ್ದ ಅಲಿಗಢಕ್ಕೆ ಝಾಕಿರ್ ಹುಸೈನ್ 1948ರ ನವೆಂಬರ್‌ನಲ್ಲಿ ಕುಲಪತಿಯಾಗಿ ಮರಳಿದರು. ಅಲ್ಲಿ ಅವರು ಮಾಡಬೇಕಿದ್ದ ಮೊದಲ ಕೆಲಸ ಭರವಸೆ ತುಂಬುವುದು. ಈ ದೇಶದಲ್ಲಿ ನಮಗೆ ಭವಿಷ್ಯವಿದೆಯೇ ಎಂದು ಹೆದರಿದ್ದ ಯುವಕರಿಗೆ, ಓದಿ ಯೋಗ್ಯರಾಗುವುದೇ ಉತ್ತರ ಎಂದು ಅವರು ತೋರಿಸಿಕೊಟ್ಟರು. ಒಳ್ಳೆಯ ಅಧ್ಯಾಪಕರನ್ನು ಹುಡುಕಿ ತಂದರು. ಆವರಣದಲ್ಲಿ ಗಿಡಮರ ನೆಡಿಸಿದರು. ಗುಲಾಬಿ ಎಂದರೆ ಅವರಿಗೆ ಪ್ರಾಣ. ಪಾಳು ಬಿದ್ದಂತಿದ್ದ ಜಾಗದಲ್ಲಿ ಹೂವರಳಿಸುವುದೂ ಅವರ ದೃಷ್ಟಿಯಲ್ಲಿ ಶಿಕ್ಷಣದ ಭಾಗವೇ ಆಗಿತ್ತು. ಇಂದು ಮೌಲಾನಾ ಆಝಾದ್ ಗ್ರಂಥಾಲಯವೆಂದು ಹೆಸರಾಗಿರುವ ಬೃಹತ್ ಕಟ್ಟಡಕ್ಕೆ 1955ರಲ್ಲಿ, ಅವರ ಅವಧಿಯಲ್ಲಿಯೇ, ನೆಹರೂ ಅಡಿಗಲ್ಲು ಇಟ್ಟರು.

ಈ ನಡುವೆ ಹೃದಯದ ಕಾಯಿಲೆ ಅವರನ್ನು ಕಾಡತೊಡಗಿತ್ತು. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1954ರಲ್ಲಿ ಪದ್ಮವಿಭೂಷಣ ಗೌರವ ಬಂತು. ಅವರ ಸ್ಥಾನ ಭದ್ರವಾಗಿತ್ತು. ಹೋಗಿ ಎಂದು ಹೇಳುವವರು ಯಾರೂ ಇರಲಿಲ್ಲ. ಆದರೂ 1956ರಲ್ಲಿ, ತಮ್ಮ 59ನೆಯ ವಯಸ್ಸಿನಲ್ಲಿ, ಅವರು ಕುಲಪತಿ ಸ್ಥಾನದಿಂದ ಇಳಿದರು. ಅವರ ಜಾಗಕ್ಕೆ ಕರ್ನಲ್ ಬಶೀರ್ ಹುಸೈನ್ ಝೈದಿ ಬಂದರು. ಅಡಿಗಲ್ಲು ಬಿದ್ದಿದ್ದ ಗ್ರಂಥಾಲಯ ಪೂರ್ಣಗೊಂಡು 1960ರಲ್ಲಿ ಉದ್ಘಾಟನೆಯಾದಾಗ ಝಾಕಿರ್ ಹುಸೈನ್ ಅಲಿಗಢದ ಕುಲಪತಿಯಾಗಿರಲಿಲ್ಲ. ತಾವು ಆರಂಭಿಸಿದ್ದೆಲ್ಲವನ್ನೂ ತಾವೇ ಮುಗಿಸಬೇಕೆಂಬ ಹಠ ಅವರಿಗಿರಲಿಲ್ಲ.

1920ರಿಂದ 1956ರವರೆಗೆ 36 ವರ್ಷ. ಇಪ್ಪತ್ತಮೂರರ ಯುವಕನಾಗಿ ಆರಂಭಿಸಿ, ಅರವತ್ತರ ಹೊಸ್ತಿಲಲ್ಲಿ ಅವರು ಶಿಕ್ಷಣ ಸಂಸ್ಥೆಗಳ ದೈನಂದಿನ ಹೊಣೆಯಿಂದ ಬಿಡುಗಡೆ ಪಡೆದರು.

ನಿವೃತ್ತಿಯ ನಂತರ

ವಿಶ್ರಾಂತಿ ಹೆಚ್ಚು ದಿನ ಸಿಗಲಿಲ್ಲ. 1957ರ ಜುಲೈನಲ್ಲಿ ಬಿಹಾರದ ರಾಜ್ಯಪಾಲರಾದರು. 1962ರಲ್ಲಿ ಉಪರಾಷ್ಟ್ರಪತಿಯಾದರು. 1963ರಲ್ಲಿ ಭಾರತರತ್ನ ಪ್ರಶಸ್ತಿ ಬಂತು. 1967ರ ಮೇ 13ರಂದು ದೇಶದ ಮೊದಲ ಮುಸ್ಲಿಂ ರಾಷ್ಟ್ರಪತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಆ ದಿನದ ಭಾಷಣದಲ್ಲಿ ಅವರು ತಮ್ಮನ್ನು ರಾಜ್ಯಪಾಲನೆಂದಾಗಲೀ ಉಪರಾಷ್ಟ್ರಪತಿಯೆಂದಾಗಲೀ ಹೇಳಿಕೊಳ್ಳಲಿಲ್ಲ. 47 ವರ್ಷಗಳ ಹಿಂದೆ ರಾಷ್ಟ್ರೀಯ ಶಿಕ್ಷಣಕ್ಕೆ ಬದುಕನ್ನು ಮುಡಿಪಾಗಿಡಲು ನಿಶ್ಚಯಿಸಿದ ಒಬ್ಬ ಸಾಮಾನ್ಯ ಶಿಕ್ಷಕನ ಮೇಲೆ ದೇಶ ವಿಶ್ವಾಸವಿಟ್ಟಿದೆ ಎಂಬ ಮಾತನ್ನು ಅವರು ಆಡಿದರು. ಹುದ್ದೆಯಿಂದ ನಿವೃತ್ತರಾಗಿ ಹನ್ನೊಂದು ವರ್ಷವಾಗಿದ್ದರೂ ಅವರು ತಮ್ಮನ್ನು ಕಂಡುಕೊಂಡದ್ದು ಶಿಕ್ಷಕನಾಗಿಯೇ.

ಇನ್ನೊಂದು ಮಾತನ್ನೂ ಹೇಳಬೇಕು. ಅವರು ಕೈಹಾಕಿದ್ದೆಲ್ಲ ಸಫಲವಾಗಲಿಲ್ಲ. ಅವರೇ ಪಠ್ಯಕ್ರಮ ರೂಪಿಸಿದ್ದ ಮೂಲಶಿಕ್ಷಣ, ಶಾಲೆಗಳಲ್ಲಿ ಜಾರಿಯಾಗುವ ಹೊತ್ತಿಗೆ ತನ್ನ ಜೀವಾಳವನ್ನು ಕಳೆದುಕೊಂಡಿತ್ತು. ಹೆಸರಿಗೆ ತಕಲಿ ತಿರುಗುತ್ತಿತ್ತು, ಕಲಿಕೆ ನಡೆಯುತ್ತಿರಲಿಲ್ಲ. ಅದನ್ನು ಮುಚ್ಚಿಡದೆ ಅವರು ಬಹಿರಂಗವಾಗಿ ಟೀಕಿಸಿದರು. ತಮ್ಮ ಹೆಸರಿನೊಂದಿಗೆ ತಳಕು ಹಾಕಿಕೊಂಡ ಯೋಜನೆಯ ಸೋಲನ್ನು ಒಪ್ಪಿಕೊಳ್ಳಲು ಎದೆಗಾರಿಕೆ ಬೇಕು. ತಮ್ಮ ಕಾಲದಲ್ಲಿ ಎಲ್ಲವೂ ಸರಿಯಾಗಿತ್ತು, ಈಗಿನವರು ಕೆಡಿಸಿದರು ಎಂದು ದೂರುತ್ತ ಕೂರುವ ಹಿರಿಯರ ಸಾಲಿಗೆ ಅವರು ಸೇರಲಿಲ್ಲ.

1969ರ ಮೇ 3ರಂದು ಹೃದಯಾಘಾತದಿಂದ ಅವರು ಇಹಲೋಕ ತ್ಯಜಿಸಿದರು. ಅಧಿಕಾರದಲ್ಲಿರುವಾಗಲೇ ನಿಧನರಾದ ಮೊದಲ ರಾಷ್ಟ್ರಪತಿ ಅವರು. ಅವರ ದಫನ ನಡೆದದ್ದು ಓಖ್ಲಾದ ಜಾಮಿಯಾ ಆವರಣದಲ್ಲಿ. ಅಧಿಕಾರ ಬಿಟ್ಟುಕೊಟ್ಟು 21 ವರ್ಷಗಳ ಬಳಿಕ ಜಾಮಿಯಾ ತನ್ನ ಮೇಷ್ಟ್ರನ್ನು ಮರಳಿ ಪಡೆಯಿತು. 1991ರಿಂದ 1999ರವರೆಗೆ ನಮ್ಮ ಕರ್ನಾಟಕದ ರಾಜ್ಯಪಾಲರಾಗಿದ್ದ ಖುರ್ಷಿದ್ ಆಲಂ ಖಾನ್ ಅವರು ಝಾಕಿರ್ ಸಾಹೇಬರ ಅಳಿಯ ಎಂಬುದನ್ನು ನಮ್ಮ ಹಿರಿಯ ಸದಸ್ಯರು ಬಲ್ಲರು.

ನಮಗೇನು ಪಾಠ?

ನಮ್ಮ ಸಮುದಾಯದಲ್ಲಿ ಶಾಲೆ ಕಾಲೇಜುಗಳನ್ನು ಕಟ್ಟಿದ ತ್ಯಾಗಜೀವಿಗಳಿಗೆ ಕೊರತೆಯಿಲ್ಲ. ಮನೆಮನೆ ಅಲೆದು ಚಂದಾ ಎತ್ತಿ, ಹೆಂಚಿನ ಕೋಣೆಯೊಂದರಲ್ಲಿ ತರಗತಿ ಆರಂಭಿಸಿದವರು ಎಷ್ಟೋ ಮಂದಿ. ಆದರೆ ಅವರಲ್ಲಿ ಕೆಲವರ ಸಂಸ್ಥೆಗಳು ಅವರ ಬಳಿಕ ಸೊರಗಿದ್ದನ್ನೂ ನಾವು ಕಂಡಿದ್ದೇವೆ. ಕಾರಣ ಬೇರೇನಲ್ಲ, ಎರಡನೆಯ ಸಾಲಿನವರನ್ನು ತಯಾರು ಮಾಡುವ ಕೆಲಸ ನಡೆದಿರಲಿಲ್ಲ. ಲೆಕ್ಕಪತ್ರವೆಲ್ಲ ಒಬ್ಬರ ತಲೆಯಲ್ಲಿ, ಕೀಲಿಕೈ ಒಬ್ಬರ ಜೇಬಿನಲ್ಲಿ, ನಿರ್ಧಾರ ಒಬ್ಬರ ಮಾತಿನಲ್ಲಿ ಇದ್ದರೆ, ಆ ಒಬ್ಬರು ಹೋದ ದಿನ ಸಂಸ್ಥೆ ಅನಾಥವಾಗುತ್ತದೆ.

ನಿವೃತ್ತಿಯ ನಿರ್ಧಾರ ಕೊನೆಯ ದಿನ ಮಾಡುವಂತಹದಲ್ಲ. ಝಾಕಿರ್ ಹುಸೈನ್ ಅದರ ತಯಾರಿಯನ್ನು 1926ರಲ್ಲಿ ಗೆಳೆಯರನ್ನು ಜೊತೆಗೆ ಕರೆತಂದಾಗಲೇ ಆರಂಭಿಸಿದ್ದರು ಎನ್ನಬಹುದು. ಸಹೋದ್ಯೋಗಿಗಳೊಡನೆ ಒಂದೇ ಪ್ರತಿಜ್ಞೆಗೆ ಸಹಿ ಹಾಕಿದವರು, ಮೇಲಿನವನು ಕೆಳಗಿನವನು ಎಂಬ ಭೇದವಿಲ್ಲದೆ ಒಂದೇ ಕಷ್ಟವನ್ನು ಹಂಚಿಕೊಂಡವರು. ಆದ್ದರಿಂದಲೇ ಹೊರಡುವ ದಿನ ಅವರಿಗೆ ಉತ್ತರಾಧಿಕಾರಿಯನ್ನು ಹುಡುಕಬೇಕಾಗಿ ಬರಲಿಲ್ಲ. ಅವರು ಪಕ್ಕದಲ್ಲಿಯೇ ಇದ್ದರು.

ಇಂದು ನಿವೃತ್ತಿಯ ಅಂಚಿನಲ್ಲಿರುವ ನಮ್ಮ ಹಿರಿಯ ಅಧ್ಯಾಪಕರು, ಆಡಳಿತಗಾರರು ಬೇಸರ ಪಡಬೇಕಾಗಿಲ್ಲ. ಹಾಜರಿ ಪುಸ್ತಕದಿಂದ ಹೆಸರು ಹೋಗಬಹುದು, ಮೇಷ್ಟ್ರು ಎಂಬ ಹೆಸರು ಹೋಗುವುದಿಲ್ಲ. ಅವರು ಒಪ್ಪಿಸಿ ಹೋಗುವ ಕೆಲಸವನ್ನು ಕೈಚಾಚಿ ಪಡೆಯಲು ಕಿರಿಯರು ಸಿದ್ಧರಿದ್ದೇವೆಯೇ? ಈ ಪ್ರಶ್ನೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನಲ್ಲಿಯೇ ಕೇಳಿಕೊಳ್ಳಲಿ.